ಕಂಡು ಹೊಡೆಯುವುದು, ಕಂಡು ಬಿಡುವುದು

ನಮ್ಮ ವಾಚನಾಲಯದ ಹುಡುಗರು ಈ ಪುಸ್ತಕಕ್ಕೆ ನನ್ನಿಂದ ಹಾಡಿನ ಬಗ್ಗೆ ಒಂದು ಲೇಖನ ಕೇಳಿದ್ದರು. ಹಾಡನ್ನು ಹಾಡಿಯೇ ತೋರಿಸಬೇಕು, ಬರೆದರೆ ಸಪ್ಪೆಯಾಗ್ತದೆ. ಅದಕ್ಕೆ ಬೇಟೆ ವಿಷಯ ಬರೀತೀನಿ ಅಂದೆ. ನಮ್ಮದು ಕಲ್ಯಾಣದುರ್ಗದ ಕಡೆಯ ಬೇಡರ ಮನೆ. ನಮ್ಮಪ್ಪ, ತಾತ ಎಲ್ಲ ಬಲೆ ಹಿಡಿದವರು. ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಿಕೊಂಡು ಓದಬೇಕು.

ಈ ಯೋಚನೆ ಶುರುವಾಗಿದ್ದು 2022ರ ಸೆಪ್ಟೆಂಬರಿನಲ್ಲಿ. ಆಫ್ರಿಕದ ನಮೀಬಿಯಾ ದೇಶದಿಂದ 8 ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಕಾಡಿಗೆ ಬಿಟ್ಟರು ಅಂತ ಪೇಪರಿನಲ್ಲಿ ಬಂತು. ಮುಂದಿನ ವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಇನ್ನೂ 12 ಬಂದವು. ವಾಚನಾಲಯದ ಜಗಲಿ ಮೇಲೆ ಕೂತು ಓದುತ್ತಿದ್ದಾಗ ಒಬ್ಬ ಹುಡುಗ ಕೇಳಿದ: "ತಾತ, ಅದೇ ಆಫ್ರಿಕದಲ್ಲಿ ದುಡ್ಡು ಕಟ್ಟಿ ಬೇಟೆ ಆಡ್ತಾರಂತೆ. ನನಗೆ ಸಿಂಹ ಬೇಕು, ನನಗೆ ಕಾಡುಕೋಣ ಬೇಕು ಅಂತ ಆರಿಸಿಕೊಂಡು ಹೊಡೀತಾರಂತೆ. ನಿಮ್ಮ ಕಾಲದಲ್ಲೂ ಹಂಗೇ ಆರಿಸ್ತಿದ್ರಾ?"

ನಾನು ನಕ್ಕು, "ನಮಗೆ ಸಿಕ್ಕಿದ್ದೇ ಪಂಚಾಮೃತ" ಅಂದೆ. ಆದರೆ ಮನೆಗೆ ಬಂದು ಮಲಗಿದಾಗ ನಾನು ಹೇಳಿದ್ದು ಸುಳ್ಳು ಅನ್ನಿಸಿತು. ನಮ್ಮಪ್ಪನೂ ಆರಿಸುತ್ತಿದ್ದ. ಬೇಟೆಗಾರ ಅನ್ನೋನು ಯಾವ ದೇಶದವನಾದರೂ ಆರಿಸಿಯೇ ಹೊಡೀತಾನೆ. ಏನು ನೋಡಿ ಆರಿಸ್ತಾನೆ ಅನ್ನೋದರಲ್ಲಿ ಅವನ ಗುಣ ಗೊತ್ತಾಗ್ತದೆ. ಆ ಹುಡುಗನಿಗೆ ಅವತ್ತು ಹೇಳದೆ ಉಳಿದ ಮಾತು ಇಲ್ಲಿ ಬರೆದಿದ್ದೀನಿ.

ಮೊದಲು ನಮ್ಮ ಮನೆಯ ಲೆಕ್ಕ. ನಮ್ಮ ಸೀಮೆ ಮಳೆ ಕಾಣದ ಸೀಮೆ. ಅನಂತಪುರ ಅಂದರೆ ಬರ ಅಂತ ದೇಶಕ್ಕೇ ಗೊತ್ತು. ಹೊಲದಲ್ಲಿ ಕೆಲಸ ಇಲ್ಲದ ತಿಂಗಳಲ್ಲಿ ನಮ್ಮಪ್ಪ ಬಲೆ ಹೆಗಲಿಗೆ ಹಾಕಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದ. ಮೊಲ, ಕೌಜುಗ, ಪುರ್ಲೆ ಹಕ್ಕಿ, ಉಡ, ಅಪರೂಪಕ್ಕೆ ಕಾಡುಹಂದಿ. ಪಂಜರದಲ್ಲಿ ಒಂದು ಸಾಕಿದ ಕೌಜುಗ ಇತ್ತು. ಬೆಳಗಿನ ಜಾವ ಅದು ಕೂಗಿದರೆ ಕಾಡಿನ ಕೌಜುಗ ಜಗಳಕ್ಕೆ ಬಂದು ಉರುಳಿಗೆ ಬೀಳುತ್ತಿತ್ತು.

ಯಾರೂ ಬರೆದಿಡದ ಕಟ್ಟಳೆಗಳು ಅಪ್ಪನಿಗೆ ಇದ್ದವು. ಗಬ್ಬದ ಪ್ರಾಣಿಗೆ ಕೈ ಮಾಡಬಾರದು. ಜೋಡಿ ಕೂಡಿದ್ದಾಗ ಹೊಡೆಯಬಾರದು. ಬೇಸಗೆಯಲ್ಲಿ ಗುಂಡಿ ನೀರಿಗೆ ಬಾಯಿ ಇಟ್ಟ ಪ್ರಾಣಿಯನ್ನು ಮುಟ್ಟಬಾರದು. ಮರಿ ಹಿಂದೆ ಇದ್ದ ತಾಯಿಯನ್ನು ಬಿಡಬೇಕು. ಬಲೆಗೆ ಬಿದ್ದ ಮೊಲವನ್ನು ಎತ್ತಿ ಹೊಟ್ಟೆ ಸವರಿ ನೋಡುತ್ತಿದ್ದ. ಹೊಟ್ಟೆ ತುಂಬಿದ ಹೆಣ್ಣಾದರೆ ಬಿಟ್ಟುಬಿಡುತ್ತಿದ್ದ. ನನಗೆ ಅಳು ಬರುತ್ತಿತ್ತು, ಯಾಕಂದ್ರೆ ಆವತ್ತು ಮನೆಯಲ್ಲಿ ಬರೀ ಅಂಬಲಿ. "ಇವತ್ತು ಇದನ್ನ ತಿಂದ್ರೆ ಬರೋ ವರ್ಷ ಏನು ತಿಂತೀಯ?" ಅನ್ನುತ್ತಿದ್ದ. ಅದು ಬರೀ ಧರ್ಮದ ಮಾತಲ್ಲ, ಬಿತ್ತನೆ ಬೀಜ ತಿನ್ನಬಾರದು ಅನ್ನುವಂಥ ಒಕ್ಕಲುತನದ ಮಾತು.

ಪಾಲಿಗೂ ಕಟ್ಟಳೆ ಇತ್ತು. ಯುಗಾದಿ ಆದ ಮಾರನೇ ದಿನ ಊರೆಲ್ಲ ಸೇರಿ ಬೇಟೆಗೆ ಹೋದಾಗ ಮೊದಲು ಹೊಡೆದವನಿಗೆ ಒಂದು ಪಾಲು ಜಾಸ್ತಿ. ನಾಯಿಗೂ ಒಂದು ಪಾಲು. ಗಂಡಸರಿಲ್ಲದ ಮನೆಗೂ ಒಂದು ಪಾಲು ಹೋಗಬೇಕು.

ನಮ್ಮ ಜನದಲ್ಲೇ ಊರ ಬೇಡರು, ಮ್ಯಾಸ ಬೇಡರು ಅಂತ ಇದ್ದಾರೆ. ಮ್ಯಾಸದವರು ಚಿತ್ರದುರ್ಗ, ಮೊಳಕಾಲ್ಮೂರು, ಚಳ್ಳಕೆರೆ, ನಮ್ಮ ರಾಯದುರ್ಗದ ಕಡೆಯ ಹಟ್ಟಿಗಳಲ್ಲಿರುವವರು. ಅವರು ಕೋಳಿ ತಿನ್ನುವುದಿಲ್ಲ, ಹಂದಿ ಮುಟ್ಟುವುದಿಲ್ಲ, ಈಚಲ ಹೆಂಡ ಕುಡಿಯುವುದಿಲ್ಲ. ಬೇಟೆಯ ಕುಲವಾದರೂ ಇಂಥದ್ದು ಬೇಡ ಅಂತ ಬೇಲಿ ಹಾಕಿಕೊಂಡವರು. ಬೆಡಗುಗಳಲ್ಲಿಯೂ ಹಾಗೇ. ಯಾವ ಮರದ ಹೆಸರು, ಯಾವ ಪ್ರಾಣಿಯ ಹೆಸರು ತಮ್ಮ ಬೆಡಗಿಗೆ ಇದೆಯೋ ಅದನ್ನು ಆ ಬೆಡಗಿನವರು ಕಡಿಯುವುದಿಲ್ಲ, ಕೊಲ್ಲುವುದಿಲ್ಲ. ಒಂದೊಂದು ಬೆಡಗು ಒಂದೊಂದನ್ನು ಬಿಟ್ಟರೆ ಕಾಡಿನಲ್ಲಿ ಏನಾದರೂ ಉಳೀತದೆ ಅಲ್ಲವಾ?

ಇನ್ನು ಕಲ್ಲಿನ ಸಾಕ್ಷಿ ನೋಡೋಣ. ನಮ್ಮ ಸೀಮೆಯಲ್ಲಿ ಊರ ಮುಂದೆ, ಕೆರೆ ಏರಿ ಮೇಲೆ ವೀರಗಲ್ಲುಗಳಿವೆ. ಮಡಕಶಿರಾ ಆಚೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಅನ್ನೋ ಹೆಸರಿನಲ್ಲಿ ನೊಳಂಬ ರಾಜರ ರಾಜಧಾನಿ. ಅಲ್ಲಿನ ಕನ್ನಡ ಶಾಸನಗಳನ್ನು ಮೇಷ್ಟ್ರುಗಳು ಬಲ್ಲರು. ದನ ಕಾಯುತ್ತಾ ಸತ್ತವನಿಗೆ ಕಲ್ಲು ಹಾಕಿದ್ದಾರೆ, ಹುಲಿ ಜೊತೆ ಹೋರಾಡಿ ಸತ್ತವನಿಗೆ ಹಾಕಿದ್ದಾರೆ, ಹಂದಿಗೆ ಎದುರಾಗಿ ಸತ್ತವನಿಗೆ ಹಾಕಿದ್ದಾರೆ. ನಾನು ಹಾಡಲು ಹೋದ ಊರಲ್ಲೆಲ್ಲ ಈ ಕಲ್ಲು ನೋಡಿದ್ದೀನಿ. ಮೊಲ ಹೊಡೆದವನಿಗೆ, ಜಿಂಕೆ ಹೊಡೆದವನಿಗೆ ಹಾಕಿದ ಕಲ್ಲನ್ನು ನಾನಂತೂ ಕಾಣಲಿಲ್ಲ. ತಿರುಗಿ ಬೀಳೋ ಮೃಗವನ್ನು, ಊರಿಗೆ ಬಂದು ದನ ಹಿಡಿಯೋ ಮೃಗವನ್ನು ಎದುರಿಸಿದವನಿಗೇ ಮರ್ಯಾದೆ. ಓಡಿ ಹೋಗೋ ಪ್ರಾಣಿ ಹೊಟ್ಟೆಗೆ ಆದೀತು, ಕಲ್ಲಿಗೆ ಆಗದು.

ಇದರಲ್ಲಿ ಎಲ್ಲಕ್ಕಿಂತ ಹೆಸರಾದ್ದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಸುಮಾರು 949–50ನೇ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಿದ ಮಣಲೇರ ಎಂಬ ವೀರನಿಗೆ ಬೇಕಾದ್ದು ಕೇಳು ಅಂದಾಗ ಕಾಳಿ ಅನ್ನೋ ನಾಯಿಯನ್ನು ಕೇಳಿ ಪಡೆದ. ಆ ಕಾಳಿಯನ್ನು ಒಂದು ದೊಡ್ಡ ಹಂದಿ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರ ಮೇಲೆ ನಾಯಿ ಇದೆ, ಎದುರಿಗೆ ಹಂದಿಯೂ ಇದೆ. ಸೋತ ಹಂದಿಯನ್ನು ಅಳಿಸಲಿಲ್ಲ, ಎರಡನ್ನೂ ಸಮನಾಗಿ ಕೆತ್ತಿದರು.

ಹಂದಿ ಅಂದಾಗ ನಮ್ಮ ಲೇಪಾಕ್ಷಿ ನೆನಪಾಗ್ತದೆ. ನನ್ನ ಮಗಳನ್ನು ಕೊಟ್ಟಿರೋದು ಹಿಂದೂಪುರಕ್ಕೆ. ಅಲ್ಲಿಂದ ಲೇಪಾಕ್ಷಿ ಸುಮಾರು 15 ಕಿಲೋಮೀಟರು. ಮಗಳ ಮನೆಗೆ ಹೋದಾಗೆಲ್ಲ ಮೊಮ್ಮಕ್ಕಳನ್ನು ಕರೆದುಕೊಂಡು ವೀರಭದ್ರ ದೇವಸ್ಥಾನಕ್ಕೆ ಹೋಗ್ತೀನಿ. ಎಲ್ಲರೂ ನೇತಾಡೋ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡ್ತಾರೆ, ದೊಡ್ಡ ಬಸವಣ್ಣನ ಮುಂದೆ ಫೋಟೋ ತೆಗೆಸ್ತಾರೆ. ನಾನು ಕತ್ತು ಮೇಲೆತ್ತಿ ಚಾವಣಿಯ ಬಣ್ಣದ ಚಿತ್ರ ನೋಡ್ತೀನಿ. ಅಲ್ಲಿ ಕಿರಾತಾರ್ಜುನರ ಕಥೆ ಇದೆ. ಅರ್ಜುನ ತಪಸ್ಸು ಮಾಡುವಾಗ ಒಂದು ಹಂದಿ ಮೇಲೆ ಬೀಳ್ತದೆ. ಅರ್ಜುನನೂ ಬಾಣ ಬಿಡ್ತಾನೆ, ಬೇಡನ ವೇಷದಲ್ಲಿ ಬಂದ ಶಿವನೂ ಬಾಣ ಬಿಡ್ತಾನೆ. ಹೊಡೆದವನು ನಾನು ಅಂತ ಇಬ್ಬರಿಗೂ ಜಗಳ. ಎಲ್ಲರೂ ಅದನ್ನು ಶಿವನ ಲೀಲೆ ಅಂತಾರೆ. ನಮ್ಮಪ್ಪ ಆ ಚಿತ್ರ ನೋಡಿ, "ಇದು ನಮ್ಮ ಪಾಲಿನ ಜಗಳ ಕಣಪ್ಪಾ, ದೇವರಿಗೂ ತಪ್ಪಲಿಲ್ಲ" ಅಂದಿದ್ದ.

ಲೇಪಾಕ್ಷಿಯ ಈ ಕೆಲಸ ನಡೆದದ್ದು ವಿಜಯನಗರದ ಅಚ್ಯುತರಾಯನ ಕಾಲದಲ್ಲಿ. ಅದೇ ಕಾಲಕ್ಕೆ, ಸುಮಾರು 1535ರಲ್ಲಿ, ನೂನಿಜ್ ಅನ್ನೋ ಪೋರ್ಚುಗೀಸ್ ವ್ಯಾಪಾರಿ ವಿಜಯನಗರದಲ್ಲಿದ್ದ. ಅರಸರ ಊಟದ ಬಗ್ಗೆ ಅವನು ಬರೆದಿಟ್ಟಿದ್ದಾನೆ. ದನ ಒಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಕೌಜುಗ, ಮೊಲ, ಪುರ್ಲೆ ಹಕ್ಕಿ, ಕಡೆಗೆ ಗುಬ್ಬಿಯವರೆಗೂ ತಿನ್ನುತ್ತಿದ್ದರಂತೆ. ಇವೆಲ್ಲ ಪೇಟೆಯಲ್ಲಿ ಜೀವಂತ ಮಾರಾಟಕ್ಕೆ ಬರಬೇಕಿತ್ತಂತೆ. ಅಂದರೆ ಅಷ್ಟು ಹೊತ್ತಿಗೇ ಬೇಟೆ ಅನ್ನೋದು ಹೊಟ್ಟೆಪಾಡು ದಾಟಿ ಪೇಟೆ ವ್ಯಾಪಾರ ಆಗಿತ್ತು. ಹಿಡಿದು ತಂದವರು ನಮ್ಮಂಥ ಬೇಡರೇ ಇರಬೇಕು. ಪೇಟೆ ಕೇಳಿದ್ದನ್ನು ತರುವಾಗ ಕಟ್ಟಳೆ ಸ್ವಲ್ಪ ಸಡಿಲ ಆಗಿಯೇ ಇರ್ತದೆ. ನಮ್ಮ ಹಿರಿಯರೆಲ್ಲ ಋಷಿಗಳಾಗಿದ್ದರು ಅಂತ ನಾನು ಹೇಳುವುದಿಲ್ಲ.

ಈಗ ಚೀತಾ ವಿಷಯಕ್ಕೆ ಬರ್ತೀನಿ. ಹಳಗನ್ನಡದವರು ಅದಕ್ಕೆ ಸಿವಂಗಿ ಅಂತಿದ್ದರು. ನಮ್ಮ ಗುಡ್ಡಗಳಲ್ಲಿರೋ ಚಿರತೆ ಬೇರೆ, ಸಿವಂಗಿ ಬೇರೆ. ಸಿವಂಗಿ ಬಯಲಿನ ಪ್ರಾಣಿ, ಸಣ್ಣ ಸೊಂಟ, ಉದ್ದ ಕಾಲು, ಕಣ್ಣಿಂದ ಬಾಯಿಗೆ ಇಳಿದ ಕರೀ ಗೆರೆ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥದಲ್ಲಿ ಸಿವಂಗಿ ಬಿಟ್ಟು ಜಿಂಕೆ ಹಿಡಿಸುವ ಬೇಟೆಯ ವಿವರ ಇದೆ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲೂ ಇಂಥ ಸಾಕಿದ ಸಿವಂಗಿಗಳಿದ್ದವು.

ಆ ಬೇಟೆ ಹೇಗೆ ಅಂದರೆ, ಸಿವಂಗಿಯ ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಿನ ಗಾಡಿ ಮೇಲೆ ಕೂರಿಸ್ತಾರೆ. ಕೃಷ್ಣಮೃಗಗಳು ಆಳು ಕಂಡರೆ ಓಡ್ತವೆ, ಎತ್ತಿನ ಗಾಡಿ ಕಂಡರೆ ಹೆದರುವುದಿಲ್ಲ, ದಿನಾ ನೋಡಿದ್ದೇ ಅಲ್ಲವಾ. ಗಾಡಿ ಸುತ್ತು ಹಾಕಿ ಹಾಕಿ ಹತ್ತಿರ ಹೋಗ್ತದೆ. ಹಿಂಡಿನಲ್ಲಿ ಕೆಂಚನೆಯ ಹೆಣ್ಣುಗಳು ಬೇಕಾದಷ್ಟು. ಅವರಿಗೆ ಬೇಕಾದ್ದು ತಿರುಚು ಕೊಂಬಿನ ಕರೀ ಗಂಡು. ಅದು ಕಂಡ ಕೂಡಲೇ ಕಣ್ಣಿನ ಬಟ್ಟೆ ತೆಗೆದು ಬಿಡೋದು. ಹಿಡಿದರೆ ಸೌಟಿನಲ್ಲಿ ರಕ್ತ ಕೊಟ್ಟು ಅದನ್ನು ಸಮಾಧಾನ ಮಾಡಿ ಬೇಟೆ ಬಿಡಿಸಿಕೊಳ್ಳೋದು.

ನೋಡೋಕೆ ಇದೂ ಆರಿಸಿದ ಬೇಟೆಯೇ. ಗಂಡನ್ನು ಹೊಡೆದು ಹೆಣ್ಣನ್ನು ಬಿಟ್ಟರು. ಆದರೆ ಸಿವಂಗಿಯ ಲೆಕ್ಕ ಯಾರೂ ಇಡಲಿಲ್ಲ. ಆ ಕಾಲದಲ್ಲಿ ಸಾಕಿದ ಸಿವಂಗಿ ಮರಿ ಹಾಕುತ್ತಿದ್ದುದು ತೀರಾ ಅಪರೂಪ. ಅಕ್ಬರ್ ಬಾದಶಹ ಸಾವಿರ ಸಿವಂಗಿ ಕೂಡಿಹಾಕಿದ್ದ ಅಂತ ಹೇಳ್ತಾರೆ. ಅರಮನೆಯಲ್ಲಿ ಮರಿ ಆಗದಿದ್ದ ಮೇಲೆ ಪ್ರತಿಯೊಂದನ್ನೂ ಕಾಡಿನಿಂದಲೇ ಹಿಡಿದು ತರಬೇಕು. ಒಬ್ಬ ರಾಜ ಅಲ್ಲ, ಊರೂರ ರಾಜರು, ನೂರಾರು ವರ್ಷ. ಬಯಲೂ ಹೊಲ ಆಯಿತು. ಕಡೆಗೆ ನಮ್ಮ ದೇಶದ ಸಿವಂಗಿ ಸಿಗದೆ, ಬೆಳಗಾವಿ ಪಕ್ಕದ ಕೊಲ್ಲಾಪುರದ ಮಹಾರಾಜರು 20ನೇ ಶತಮಾನದಲ್ಲಿ ಆಫ್ರಿಕದಿಂದ ತರಿಸಿ ಕೃಷ್ಣಮೃಗದ ಬೇಟೆ ಆಡಿದರು. 1947ರಲ್ಲಿ ಇವತ್ತಿನ ಛತ್ತೀಸಗಢದಲ್ಲಿರುವ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಮೂರು ಸಿವಂಗಿ ಹೊಡೆದ. 1952ರಲ್ಲಿ ಸರ್ಕಾರ ಈ ದೇಶದಲ್ಲಿ ಸಿವಂಗಿ ಇಲ್ಲ ಅಂತ ಸಾರಿತು. 70 ವರ್ಷ ಆದ ಮೇಲೆ 2022ರಲ್ಲಿ ಬಂದದ್ದು ಆಫ್ರಿಕದ ನೆಂಟರು.

ಆ ಆಫ್ರಿಕದ ಬೇಟೆ ವಿಷಯ ನಮ್ಮ ಮೇಷ್ಟ್ರೊಬ್ಬರು ಪುಸ್ತಕ ತಂದು ಓದಿ ಹೇಳಿದರು. ಬಿಳೀ ಬೇಟೆಗಾರರು ಅಲ್ಲಿ ಐದು ದೊಡ್ಡ ಮೃಗ ಅಂತ ಹೆಸರಿಟ್ಟರು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡುಕೋಣ. ಮೈ ದೊಡ್ಡದು ಅಂತಲ್ಲ, ದೊಡ್ಡದೇ ಬೇಕಿದ್ದರೆ ಜಿರಾಫೆ ಇತ್ತು, ನೀರಾನೆ ಇತ್ತು. ನೆಲದ ಮೇಲೆ ನಡೆದು ಹೋಗಿ ಹೊಡೆಯುವಾಗ ತಿರುಗಿ ಬಿದ್ದು ಕೊಲ್ಲೋ ಪ್ರಾಣಿಗಳು ಅಂತ ಈ ಐದು. ಇದನ್ನು ಕೇಳಿ ನನಗೆ ನಮ್ಮ ವೀರಗಲ್ಲು ನೆನಪಾಯಿತು. ಅವರೂ ತಿರುಗಿ ಬೀಳೋ ಮೃಗಕ್ಕೇ ಮರ್ಯಾದೆ ಕೊಟ್ಟರು, ನಾವೂ ಹಂಗೇ. ವ್ಯತ್ಯಾಸ ಒಂದೇ. ನಮ್ಮ ಕಲ್ಲಿನ ವೀರನ ಹತ್ತಿರ ಮೃಗವೇ ಬಂದಿತ್ತು, ದನದ ಕೊಟ್ಟಿಗೆಗೆ. ಅವರು ಸಮುದ್ರ ದಾಟಿ ಮೃಗದ ಮನೆಗೆ ಹೋದರು.

ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಅಧಿಕಾರ ಬಿಟ್ಟ ಮೇಲೆ ಮಗನ ಜೊತೆ ಆಫ್ರಿಕಕ್ಕೆ ಬೇಟೆಗೆ ಹೋದ. ಅಪ್ಪ ಮಗ ಇಬ್ಬರೇ 512 ಪ್ರಾಣಿ ಹೊಡೆದರು. ಮ್ಯೂಸಿಯಂಗೆ ಬೇಕು ಅಂತ ಹೊಡೆದದ್ದು, ಅದೂ ಹೇಳಬೇಕು. ಇಂಗ್ಲೆಂಡಿನಲ್ಲಿ 1892ರಿಂದ ಕೊಂಬು, ದಂತ ಅಳೆದು ಪುಸ್ತಕದಲ್ಲಿ ದಾಖಲೆ ಮಾಡೋ ಪದ್ಧತಿ ಬಂತು. ಟೇಪು ಹಿಡಿದ ಮೇಲೆ ಬೇಟೆಗಾರ ಹುಡುಕೋದು ಉದ್ದ ಕೊಂಬನ್ನೇ. ನಮ್ಮಪ್ಪ ಮೊಲದ ಹೊಟ್ಟೆ ಸವರಿ ನೋಡುತ್ತಿದ್ದ, ಇವರು ಕೊಂಬಿನ ಉದ್ದ ನೋಡಿದರು.

ಆರಿಸೋದು ಪ್ರಾಣಿಯನ್ನೇ ಬದಲು ಮಾಡ್ತದೆ ಅಂದರೆ ನಂಬ್ತೀರಾ? ಮೊಜಾಂಬಿಕ್ ದೇಶದಲ್ಲಿ 1977ರಿಂದ 1992ರವರೆಗೆ ಒಳಜಗಳ ನಡೀತು. ದಂತ ಮಾರಿ ದುಡ್ಡು ಮಾಡೋಕೆ ಗೊರೊಂಗೊಸಾ ಕಾಡಿನ ಆನೆಗಳನ್ನು ಕೊಂದರು. ಆಫ್ರಿಕದಲ್ಲಿ ಹೆಣ್ಣಾನೆಗೂ ದಂತ ಇರ್ತದೆ. ದಂತ ಇದ್ದವು ಸತ್ತವು, ಹುಟ್ಟಿನಿಂದ ದಂತ ಇಲ್ಲದ ಹೆಣ್ಣುಗಳು ಉಳಿದವು. ಆಮೇಲೆ ಹುಟ್ಟಿದ ಹೆಣ್ಣು ಮರಿಗಳಲ್ಲೂ ಬಹಳಷ್ಟಕ್ಕೆ ದಂತ ಬರಲಿಲ್ಲ. ನಾವು ಒಳ್ಳೇ ತೆನೆ ಆರಿಸಿ ಬೀಜಕ್ಕೆ ಇಡ್ತೀವಿ, ಅದಕ್ಕೆ ಬೆಳೆ ಚೆನ್ನಾಗಿ ಬರ್ತದೆ. ಅವರು ಒಳ್ಳೇ ತೆನೆ ಆರಿಸಿ ಸುಟ್ಟರು.

ಕೆನ್ಯಾ ದೇಶ 1977ರಲ್ಲಿ ಬೇಟೆ ನಿಲ್ಲಿಸಿತು. ನಮೀಬಿಯಾ, ದಕ್ಷಿಣ ಆಫ್ರಿಕದಲ್ಲಿ ಇವತ್ತೂ ಪರ್ಮಿಟ್ಟು ತಗೊಂಡು, ದುಡ್ಡು ಕಟ್ಟಿ, ಇಂಥ ಪ್ರಾಣಿ ಅಂತ ಬರೆಸಿ ಹೊಡೀಬಹುದು. ಆ ದುಡ್ಡಲ್ಲಿ ಕಾಡು ಉಳೀತದೆ ಅಂತ ಕೆಲವರು, ಅದು ಪಾಪ ಅಂತ ಕೆಲವರು. ಆ ನ್ಯಾಯ ಅವರೇ ತೀರಿಸಿಕೊಳ್ಳಲಿ. ನಮ್ಮ ಕೃಷ್ಣಮೃಗವನ್ನೂ 1932ರಲ್ಲಿ ಅಮೆರಿಕದ ಟೆಕ್ಸಾಸ್ ಸೀಮೆಗೆ ತಗೊಂಡು ಹೋಗಿ ಬಿಟ್ಟಿದ್ದಾರೆ. ಅಲ್ಲಿ ಈಗ ಅದರ ಬೇಟೆಗೂ ದುಡ್ಡು ಕಟ್ಟಿ ಬರ್ತಾರಂತೆ. ನಮ್ಮೂರ ಜಿಂಕೆಗೆ ಎಂಥ ಯೋಗ ನೋಡಿ!

ಇತ್ತ ನಮ್ಮ ಸೀಮೆಯಲ್ಲಿ ಏನಾಯಿತು? ನಾನು ಹುಡುಗನಾಗಿದ್ದಾಗ ಜೀಪು ಬಂತು. ಟೌನಿನ ದೊಡ್ಡವರು ರಾತ್ರಿ ಜೀಪಿನಲ್ಲಿ ಬಂದು ದೊಡ್ಡ ಲೈಟು ಬಿಡುತ್ತಿದ್ದರು. ಬೆಳಕಿಗೆ ಜಿಂಕೆ ಕಣ್ಣು ಕತ್ತಲಾಗಿ ನಿಂತಲ್ಲೇ ನಿಲ್ತದೆ. ಢಂ ಢಂ ಅಂತ ಹೊಡೆದು ಜೀಪಿಗೆ ತುಂಬಿಕೊಂಡು ಹೋಗೋದು. ಗಂಡೋ ಹೆಣ್ಣೋ, ಗಬ್ಬವೋ ಮರಿಯೋ, ನೋಡೋರಿಲ್ಲ. ಅವರಿಗೆ ದಾರಿ ತೋರಿಸೋಕೆ ನಮ್ಮ ಬೇಡರ ಹುಡುಗರೂ ಐದು ರೂಪಾಯಿಗೆ ಹೋಗ್ತಿದ್ದರು. ನಮ್ಮಪ್ಪ ಹೋಗಲಿಲ್ಲ, ಆದರೆ ಹೋದವರನ್ನು ತಡೀಲಿಲ್ಲ. "ಅವರದು ಬೇಟೆ ಅಲ್ಲ, ಕೊಯ್ಲು" ಅಂತ ಮಾತ್ರ ಅಂದ. ಅಷ್ಟರಲ್ಲಿ ನಾನು ಏಳನೇ ಕ್ಲಾಸಿಗೆ ಬಂದಿದ್ದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೃಷ್ಣಮೃಗ, ಚಿರತೆ, ಕರಡಿ ಯಾವುದನ್ನೂ ಮುಟ್ಟಬಾರದು. ಅಪ್ಪ ಬಲೆ ಸುತ್ತಿ ಅಟ್ಟದ ಮೇಲೆ ಇಟ್ಟ. ಒಂದೆರಡು ವರ್ಷ ಯುಗಾದಿಗೆ ಇಳಿಸಿ ಅರಿಶಿನ ಹಚ್ಚಿ ಮತ್ತೆ ಇಟ್ಟ. ಆಮೇಲೆ ಇಲಿ ಕಡಿದು ಹಾಳಾಯಿತು.

ಕಾನೂನಿನಿಂದ ಲಾಭ ಆಗಿದೆ, ಇಲ್ಲ ಅನ್ನೋಕಾಗಲ್ಲ. ಹಿಂದೂಪುರದಿಂದ ಬಹಳ ದೂರ ಇಲ್ಲ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಅಂತ 2007ರಲ್ಲಿ ಮಾಡಿದರು. ಸುಮಾರು 798 ಎಕರೆ ಹುಲ್ಲುಗಾವಲು. ನಮ್ಮ ಪೆನ್ನೆಗೆ ಬಂದು ಸೇರೋ ಜಯಮಂಗಲಿ ನದಿಯ ಹೆಸರೇ ಅದಕ್ಕೆ. ಮೊಮ್ಮಕ್ಕಳ ಜೊತೆ ಒಂದು ಸಲ ಹೋಗಿದ್ದೆ. ಬೆಳಗಿನ ಬಿಸಿಲಲ್ಲಿ ಕರೀ ಗಂಡು ಕೊಂಬು ಹಿಂದಕ್ಕೆ ಹಾಕಿ ನಿಂತಿದ್ದು ನೋಡಿ ಮೊಮ್ಮಗ "ತಾತ, ನಿಮ್ಮಪ್ಪ ಇದನ್ನು ಹೊಡೆದಿದ್ನಾ?" ಅಂದ. "ಹೊಡೆದಿದ್ದ, ಎರಡು ಸಲ" ಅಂದೆ. ಸುಳ್ಳು ಯಾಕೆ ಹೇಳಲಿ? ಆಂಧ್ರಕ್ಕೆ ಇದೇ ಕೃಷ್ಣಮೃಗ ರಾಜ್ಯದ ಪ್ರಾಣಿ. ಬೆಳುಗುಪ್ಪ, ಉರವಕೊಂಡ, ವಿಡಪನಕಲ್ಲು ಕಡೆಯ ಎರೆ ಹೊಲಗಳಲ್ಲಿ ಈಗ ಹಿಂಡು ಹಿಂಡೇ ಇವೆ.

ಕಷ್ಟವೂ ಅಲ್ಲೇ ಇದೆ. ಜಿಂಕೆ ಹಿಂಡು ಕಡಲೆ ಗಿಡ ಮೇಯ್ದರೆ ರೈತ ಏನು ತಿನ್ನಬೇಕು? ಕಾಡುಹಂದಿ ಒಂದು ರಾತ್ರಿ ನೆಲಗಡಲೆ ಹೊಲಕ್ಕೆ ನುಗ್ಗಿದರೆ ನೇಗಿಲು ಹೊಡೆದಂಗೆ ಮಾಡಿ ಹೋಗ್ತದೆ. ಸಾಲ ಮಾಡಿ ಬಿತ್ತಿದವನ ಹೊಟ್ಟೆ ಉರಿ ಪಟ್ಟಣದವರಿಗೆ ಗೊತ್ತಾಗಲ್ಲ. ಅದಕ್ಕೆ ಈಗ ಕೆಲವರು ಹೊಲದ ಸುತ್ತ ತಂತಿ ಎಳೆದು ಕರೆಂಟು ಬಿಡ್ತಾರೆ.

ಈಗ ಬರೆಯೋ ಮಾತು ಬರೀಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಸುಮಾರು 12 ವರ್ಷದ ಹಿಂದೆ ನಮ್ಮ ಹೊಲಕ್ಕೂ ಹಂಗೆ ತಂತಿ ಎಳೆದೆವು. ತಮ್ಮ ಎಳೆದ ಅಂತ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ತಂತಿಯ ಇನ್ನೊಂದು ತುದಿ ಹಿಡಿದಿದ್ದವನು ನಾನೇ. ಎರಡು ವರ್ಷ ಸತತ ಬೆಳೆ ಹೋಗಿತ್ತು, ಮಗಳ ಮದುವೆ ಸಾಲ ತಲೆ ಮೇಲಿತ್ತು. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಹಂದಿ ಬಿದ್ದಿರಲಿಲ್ಲ. ಒಂದು ಹೆಣ್ಣು ಜಿಂಕೆ ಬಿದ್ದಿತ್ತು, ತುಂಬಿದ ಗಬ್ಬ. ಅದರಿಂದ ಹತ್ತು ಹೆಜ್ಜೆ ಆಚೆ ನಮ್ಮ ನಾಯಿ ಕರಿಯ ಬಿದ್ದಿತ್ತು. ರಾತ್ರಿ ನನ್ನ ಹಿಂದೆಯೇ ಬಂದು, ನಾನು ಮನೆಗೆ ಹೋದ ಮೇಲೂ ಕಾವಲಿಗೆ ಅಂತ ಅಲ್ಲೇ ಉಳಿದಿತ್ತು.

ಆಗ ಅಪ್ಪ ಇನ್ನೂ ಇದ್ದ. 85ರ ಮೇಲಾಗಿತ್ತು, ಕಣ್ಣು ಮಂಜು. ಕೋಲೂರಿಕೊಂಡು ಹೊಲಕ್ಕೆ ಬಂದ. ಜಿಂಕೆ ಹತ್ತಿರ ಕೂತು, ಹಿಂದೆ ಮೊಲದ ಹೊಟ್ಟೆ ಸವರುತ್ತಿದ್ದನಲ್ಲ, ಹಂಗೇ ಅದರ ಹೊಟ್ಟೆ ಮೇಲೆ ಕೈ ಆಡಿಸಿದ. ಬೈಯುತ್ತಾನೆ ಅಂತ ನಾವಿಬ್ಬರೂ ತಲೆ ತಗ್ಗಿಸಿ ನಿಂತಿದ್ದೆವು. ಬೈಯಲಿಲ್ಲ. "ಯಾರು ಗುರಿ ಇಟ್ಟಿದ್ದು?" ಅಂತ ಒಂದೇ ಮಾತು ಕೇಳಿದ. ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಯಾರೂ ಗುರಿ ಇಟ್ಟಿರಲಿಲ್ಲ. ನಾವು ಮಲಗಿದ್ದೆವು.

ನಾನು ಹಾಡುವ ಕಥೆಗಳೆಲ್ಲ ಆವತ್ತಿನಿಂದ ಬೇರೆ ಅರ್ಥ ಕೊಡ್ತಾವೆ. ಪಾಂಡುರಾಜ ಕೂಡಿದ ಜಿಂಕೆ ಜೋಡಿಗೆ ಬಾಣ ಬಿಟ್ಟು ಶಾಪ ತಗೊಂಡ. ನಮ್ಮ ಕುಲದ ಹಿರಿಯ ಅಂತ ನಾವು ಕೈ ಮುಗಿಯೋ ವಾಲ್ಮೀಕಿ, ಕೂಡಿದ ಕ್ರೌಂಚ ಜೋಡಿಯಲ್ಲಿ ಒಂದನ್ನು ಹೊಡೆದ ಬೇಡನ ಮೇಲೆ ಸಿಟ್ಟಾದಾಗಲೇ ಅವನ ಬಾಯಿಂದ ಮೊದಲ ಶ್ಲೋಕ ಬಂತು. ಇವರು ತಪ್ಪಾಗಿ ಆರಿಸಿದವರು. ದಶರಥನದು ಅದಕ್ಕಿಂತ ದೊಡ್ಡ ತಪ್ಪು. ಅವನು ಆರಿಸಲೇ ಇಲ್ಲ. ಕತ್ತಲಲ್ಲಿ ನೀರಿನ ಸದ್ದು ಕೇಳಿ ಆನೆ ಅಂದುಕೊಂಡು ಬಾಣ ಬಿಟ್ಟ. ಕುರುಡು ತಂದೆ ತಾಯಿಗೆ ನೀರು ತರೋಕೆ ಬಂದಿದ್ದ ಶ್ರವಣಕುಮಾರ ಸತ್ತ. ಕರೆಂಟ್ ತಂತಿ ಅದೇ ಕಾಣದೆ ಬಿಟ್ಟ ಬಾಣ. ಅದಕ್ಕೆ ಹಂದಿ, ಜಿಂಕೆ, ಕರಡಿ, ನಾಯಿ, ರಾತ್ರಿ ಮೋಟರ್ ಹಾಕೋಕೆ ಬಂದ ಪಕ್ಕದ ಹೊಲದವನು, ಎಲ್ಲ ಒಂದೇ. ಅದು ಕಾನೂನಿಗೆ ವಿರುದ್ಧ, ಮನುಷ್ಯ ಸತ್ತರೆ ಜೈಲು. ಆದರೆ ಜೈಲಿನ ಹೆದರಿಕೆಗೆ ಮಾತ್ರ ನಾನು ಹೇಳ್ತಿಲ್ಲ.

ಈ ವರ್ಷ ನನ್ನ ಮಗ ಮತ್ತೆ ತಂತಿ ಮಾತೆತ್ತಿದ. ಅವನಿಗೆ ಈ ಕಥೆ ಪೂರ್ತಿ ಹೇಳಿದೆ, ತುದಿ ಹಿಡಿದಿದ್ದು ನಾನು ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕಾಯೋರು ಯಾರು?" ಅಂದ. ನ್ಯಾಯವಾದ ಪ್ರಶ್ನೆ. "ನಾನು ಕಾಯ್ತೀನಿ" ಅಂದೆ. ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದೀವಿ, ಅಟ್ಟಣೆ ಹಾಕಿದ್ದೀವಿ. ರಾತ್ರಿ ಡಬ್ಬ ಬಡೀತೀನಿ, ಬೇಸರವಾದರೆ ಹಾಡ್ತೀನಿ. ನನಗೆ ಕಂಠ ಬಂದದ್ದೇ ಹೀಗೆ ಹೊಲ ಕಾಯುತ್ತಾ ಕೂಗಿ ಕೂಗಿ. ಈ ಸಲವೂ ಹಂದಿ ಬಂದು ಒಂದು ಮೂಲೆ ತಿಂದು ಹೋದವು. ಮೂರು ಮೂಟೆ ನಷ್ಟ ಆಗಿರಬಹುದು. ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟಿದ್ದೀವಿ. ಬಂದರೆ ಬರಲಿ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಲೇಪಾಕ್ಷಿಗೆ ಕರೆದುಕೊಂಡು ಹೋದಾಗ ಕಂಬ ನೋಡಿದ ಮೇಲೆ ಚಾವಣಿಯ ಹಂದಿಯನ್ನೂ ತೋರಿಸಿ. ಹಂಗೇ ಮೈದನಹಳ್ಳಿಗೂ ಒಂದು ದಿನ ಹೋಗಿ ಬನ್ನಿ. ರೈತ ಅಣ್ಣತಮ್ಮಂದಿರಲ್ಲಿ ಇನ್ನೊಂದು ವಿನಂತಿ. ನಾಲ್ಕು ಹೊಲದವರು ಸೇರಿ ಸರದಿ ಮೇಲೆ ಕಾದರೆ ಒಬ್ಬೊಬ್ಬರಿಗೆ ವಾರದಲ್ಲಿ ಎರಡು ರಾತ್ರಿ ಕೂಡ ಬರಲ್ಲ. ನನ್ನ ಸರದಿಗೆ ನಾನು ಬರ್ತೀನಿ, ಡಬ್ಬ ನಾನೇ ತರ್ತೀನಿ.